ನಿಂತ ಜಾಗ

"ಬರೇ ಶಬ್ದ ನೋಡಿ ಬರೀಬ್ಯಾಡ ಅವ್ವಾ. ಅದು ಎಲ್ಲಿ ನಿಂತದ ನೋಡು," ಎಂದು ದೇವಿಕಾ ಪುಸ್ತಕವನ್ನು ತಾಯಿಯ ಮೂಗಿನ ತನಕ ಒಯ್ದಳು.

ಮನೂರಿನಿಂದ ನಾರಾಯಣಖೇಡಕ್ಕೆ ಹೊರಟ ಶೇರ್ ಆಟೋದಲ್ಲಿ ಮಹಾನಂದಾ ಮಗಳಿಗೂ ಹಾಲಿನ ಕ್ಯಾನಿಗೂ ನಡುವೆ ಸಿಕ್ಕಿಕೊಂಡು ಕೂತಿದ್ದಳು. ಇವತ್ತು ಅವಳ ಹತ್ತನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆ. ಪಾಸಾದರೆ ಅಂಗನವಾಡಿಯಲ್ಲಿ ಆಯಾ ಆಗಿರುವ ಅವಳು ಟೀಚರ್ ಆಗಬಹುದು. ಇಲ್ಲದಿದ್ದರೆ ಕಸಬರಿಗೆ ಇದ್ದೇ ಇದೆ. ಹೋದ ಸಲ 'ಬಿಫೋರ್', 'ಆಫ್ಟರ್', 'ಬಟ್' ಎಲ್ಲಿ ಕಂಡರೂ ಕಣ್ಣು ಮುಚ್ಚಿ 'ಕಂಜಂಕ್ಷನ್' ಎಂದು ಬರೆದು ಫೇಲಾಗಿದ್ದಳು.

"ಎರಡು ಮಾತು ಜೋಡಿಸಿದ್ರ ಕಂಜಂಕ್ಷನ್. 'ಬಿಫೋರ್ ಲಂಚ್' ಅಂತ ಬರೇ ಒಂದು ಹೆಸರಿನ ಮುಂದ ನಿಂತ್ರ ಪ್ರಿಪೋಸಿಷನ್. ಕೊನೀಗೆ ಒಂಟಿ ನಿಂತ್ರ ಅಡ್ವರ್ಬ್."

"ಒಂದೇ ಶಬ್ದಕ್ಕ ಮೂರು ನೌಕರಿ ಏನ?"

ಎದುರು ಕೂತಿದ್ದ ಚಿಗವ್ವ ಸುಗಲಾಬಾಯಿ ನಕ್ಕಳು. "ಮಗಳು ಮೇಡಂ, ಅವ್ವ ಸಾಲಿ ಹುಡುಗಿ! ಹುಡುಗರ ಮೂಗು ಒರೆಸಾಕ ಇಂಗ್ಲಿಷ್ ಯಾಕ ಬೇಕ ನಿನಗ?"

"ಟೀಚರ್ ಬರದ ದಿನ ಹಾಡು ಕಲಿಸಾಕಿ ಯಾರು ಚಿಗವ್ವ? ನಾನ ಅಲ್ಲೇನು? ರಿಜಿಸ್ಟರ್‌ದಾಗ ಅಷ್ಟ ಆಯಾ."

ಏರಿನ ಅರ್ಧಕ್ಕೆ ಆಟೋ ಕೆಮ್ಮಿ ನಿಂತಿತು. ಏರಿನಲ್ಲಿ ಗಂಡಸರು ಇಳಿದು ತಳ್ಳುವುದು, ಹೆಂಗಸರು ಕೂತೇ ಇರುವುದು ಆ ದಾರಿಯ ರಿವಾಜು. ಇವತ್ತು ಗಂಡಸರೆಂದರೆ ಡ್ರೈವರ್ ಬೀರಣ್ಣ, ಕೋಲು ಹಿಡಿದ ಮುದುಕ ಕಲ್ಯಾಣಪ್ಪ, ಇಬ್ಬರೇ.

"ಹಿಂದಿನ ಗಾಡಿ ಬರೂತನ ಕುಂದ್ರರಿ," ಎಂದ ಬೀರಣ್ಣ.

ಹಿಂದೆ ರಸ್ತೆ ಖಾಲಿ. ಮಹಾನಂದಾ ಸೆರಗು ಸೊಂಟಕ್ಕೆ ಬಿಗಿದು ಕೆಳಗಿಳಿದಳು. "ನೀ ಹ್ಯಾಂಡಲ್ ಹಿಡಿ ಅಣ್ಣಾ."

"ಹೆಣ್ಣುಮಕ್ಕಳು ಗಾಡಿ ತಳ್ಳತಾರೇನಬೇ?" ಕಲ್ಯಾಣಪ್ಪನಿಗೆ ನಗು ತಡೆಯಲಾಗಲಿಲ್ಲ.

"ಮ್ಯಾಲ ಕುಂತಾಗ ಹೆಣ್ಣುಮಗಳು, ಕಾಕಾ. ಇಳದಾಗ ಇಂಜಿನ್!"

ದೇವಿಕಾಳೂ ಇಳಿದು ಹೆಗಲು ಕೊಟ್ಟಳು. ಗೊಣಗುತ್ತಲೇ ಸುಗಲಾಬಾಯಿಯೂ ಬಂದಳು. "ಈ ಸಲ ಫೇಲಾದ್ರ ನಿನ್ನ ಕಾಲು ಮುರೀತೀನಿ," ಎಂದು ಏದುಸಿರು ಬಿಡುತ್ತ ತಳ್ಳಿದಳು. ಏರು ಮುಗಿಯುವ ಹೊತ್ತಿಗೆ ಇಂಜಿನ್ ಚಾಲೂ ಆಯಿತು. ಕಪ್ಪು ಹೊಗೆ ಮೂವರ ಮುಖಕ್ಕೂ ಬಡಿಯಿತು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೂ, ಮುಖ ಒರೆಸಿಕೊಂಡಾಗ ಹತ್ತಿದ ಆ ಮಸಿ ಮಹಾನಂದಾಳ ಅಂಗೈಯಲ್ಲಿತ್ತು. ಎರಡನೇ ಪುಟದಲ್ಲಿ, ಅಡಿಗೆರೆ ಎಳೆಸಿಕೊಂಡು, 'ಬಿಫೋರ್' ಕಾಣಿಸಿತು. ಪೆನ್ನು ಹಳೆಯ ರೂಢಿಯಂತೆ ಕಾಗದದ ಕಡೆ ಬಾಗಿತು. ಮಹಾನಂದಾ ಅದನ್ನು ಕೆಳಗಿಟ್ಟಳು. ಹೆಬ್ಬೆರಳನ್ನು ಸೆರಗಿನ ತುದಿಗೆ ಚೆನ್ನಾಗಿ ಒರೆಸಿಕೊಂಡು, ವಾಕ್ಯದ ಮೊದಲ ಶಬ್ದದ ಕೆಳಗಿಟ್ಟು, ಅಲ್ಲಿಂದ ನಿಧಾನವಾಗಿ ಸರಿಸುತ್ತ ಬಂದಳು.