ಕೆಂಚಿಯ ಬಾಣಂತನ

“ಕುನ್ನಿ ಎಲ್ಲದಬೇ ಕಸ್ತೂರಿ? ನನಗ ಬಾಲ ಹಚ್ಚಿದ ಜ್ವಾಳದ ಚೀಲ ಅಷ್ಟ ಕಾಣಾಕತ್ತದ!”

ಬಸವಂತ್ರಾಯ ಹೀಗೆಂದದ್ದೇ ತಡ, ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದರು. ರಂಗಂಪೇಟೆಯಲ್ಲಿ ಅವನದು ಕಾಳಿನ ಅಂಗಡಿ. ಚೀಲ ತೂಗುವ ಕಾಟಾ ಬಾಗಿಲಲ್ಲೇ ಇರುತ್ತದೆ. ಅದರ ಕಬ್ಬಿಣದ ಹಲಗೆಯ ಮೇಲೆ ಕಸ್ತೂರಿಯ ನಾಯಿ ಕೆಂಚಿ, ತೊಗರಿ ಮಾರಲು ಬಂದು ದರ ಕೇಳಿ ಬೇಸರಗೊಂಡ ರೈತನ ಹಾಗೆ ಕುಳಿತಿತ್ತು.

ಕಸ್ತೂರಿಗೆ ನಗು ಬರಲಿಲ್ಲ. ಬಗ್ಗಿ ಕೆಂಪು ಅಂಕಿ ನೋಡಿದಳು. ಹೋದ ಸಲಕ್ಕಿಂತ ಕಡಿಮೆ ಇರಬೇಕಿತ್ತು. ಹೆಚ್ಚಾಗಿತ್ತು.

“ಕಾಕಾ, ಕಾಟಾ ಸರಿ ಅದನ್ರಿ?”

“ಏ, ಸುತ್ತ ಹಳ್ಳಿ ತೊಗರಿಯೆಲ್ಲ ಇದರ ಮ್ಯಾಲ ತೂಗೇದ. ನಿನ್ನ ಕುನ್ನಿಗಿ ಬಂದು ಸುಳ್ಳ ಹೇಳ್ತದನು? ಮೈ ಬಂದದ ಅಂತ ಖುಷಿ ಪಡೂದು ಬಿಟ್ಟು ಮಾರಿ ಯಾಕ ಸಣ್ಣ ಮಾಡ್ತಿ? ಉಣ್ಣೂ ಮನಿ ಕುನ್ನಿ ಹಿಂಗ ಇರಬೇಕು.”

“ಅರ್ಧ ರೊಟ್ಟಿ ಮ್ಯಾಲ ಇಟ್ಟೀನ್ರಿ ಇದನ್ನ.”

“ಹಂಗಿದ್ರ ಗಾಳಿ ಕುಡದು ಉಬ್ಬೇದ ಬಿಡು!”

ಮತ್ತೆ ನಗು. ಕಸ್ತೂರಿ ಹಗ್ಗ ಜಗ್ಗಿ ಕೆಂಚಿಯನ್ನು ಇಳಿಸಿಕೊಂಡು ಮನೆಯ ದಾರಿ ಹಿಡಿದಳು. ಶಿವರಾತ್ರಿ ಮುಗಿದು ಬಹಳ ದಿನವಾಗಿರಲಿಲ್ಲ, ಆಗಲೇ ಬಿಸಿಲು ಸುರಪುರದ ಗುಡ್ಡದ ಬಂಡೆಗಳನ್ನು ಕಾಯಿಸಿ ಆ ಝಳವನ್ನು ರಂಗಂಪೇಟೆಗೂ ಕಳಿಸತೊಡಗಿತ್ತು. ಬೇವಿನ ಗಿಡದ ಹತ್ತಿರ ಬಂದಾಗ ಕೆಂಚಿ ಕುಳಿತುಬಿಟ್ಟಿತು. ನಾಲಿಗೆ ಒಂದು ಗೇಣು ಹೊರಗೆ. ಪಕ್ಕೆಗಳು ಕಮ್ಮಾರನ ತಿದಿಯಂತೆ ಏಳುತ್ತ ಬೀಳುತ್ತ ಇದ್ದವು. ಕಸ್ತೂರಿ ಸೆರಗಿನಿಂದ ಅದಕ್ಕೆ ಗಾಳಿ ಹಾಕುತ್ತ ನಿಂತಳು.

ಈ ಕೆಂಚಿ ಎಂಥ ನಾಯಿಯಾಗಿತ್ತು! ಓಣಿಯ ತುದಿಯಲ್ಲಿ ಟಂಟಂ ಆಟೊ ತಿರುಗಿದರೆ ಈ ತುದಿಯಿಂದ ಬಾಣದಂತೆ ಹೋಗುತ್ತಿತ್ತು. ಎರಡು ಸಲ ಮರಿ ಹಾಕಿತು, ಒಂದೂ ಉಳಿಯಲಿಲ್ಲ. ಕೆಲವು ಗಾಲಿಗೆ ಸಿಕ್ಕವು, ಕೆಲವು ಬೇನೆ ಬಂದು ಹೋದವು. ಕೊನೆಯ ಸತ್ತ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅದು ಮನೆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದನ್ನು ನೋಡಲಾಗದೆ ಕಸ್ತೂರಿಯೇ ಶಹಾಪುರದ ದನದ ದವಾಖಾನೆಗೆ ಒಯ್ದು ಮತ್ತೆ ಮರಿ ಆಗದಂತೆ ಆಪರೇಷನ್ ಮಾಡಿಸಿಕೊಂಡು ಬಂದಳು. ಲಾರಿ ಓಡಿಸುವ ಗಂಡ ಬಸವಕುಮಾರ ಹೈದರಾಬಾದಿನ ದಾರಿಯಿಂದ ಫೋನಿನಲ್ಲಿ, “ನಿನಗ ತಿಳಿದಂಗ ಮಾಡು” ಎಂದಿದ್ದ. ಓಣಿ ಹಾಗೆನ್ನಲಿಲ್ಲ. ಎದುರು ಮನೆಯ ಹಂಪಮ್ಮನಂತೂ, “ಮೂಕ ಜೀವದ ಬಸಿರು ಕೊಯ್ಸಿದಿ. ನಾಳೆ ಅದಕ್ಕೇನರ ಆದ್ರ ಅದು ನಿನ್ನ ತಲಿ ಮ್ಯಾಲ, ನೆಪ್ಪಿಟ್ಕೋ” ಎಂದು ಎಲ್ಲರೆದುರಿಗೆ ಅಂದಿದ್ದಳು.

ಆ ಮಾತು ಕಸ್ತೂರಿಯ ಎದೆಯಲ್ಲಿ ಸೂಜಿ ಮುರಿದು ಉಳಿದಂತೆ ಉಳಿದಿತ್ತು. ಹೊಲಿಗೆ ಮಷಿನ್ ಮುಂದೆ ದಿನವಿಡೀ ಕೂರುವವಳಿಗೆ ಮುರಿದ ಸೂಜಿಯ ನೋವು ಬೇರೆಯವರು ಹೇಳಿಕೊಡಬೇಕಿಲ್ಲ. ಅದರ ಮೇಲೆ ಆ ದವಾಖಾನೆಯ ಡಾಕ್ಟರ್ ಅಂಬರೀನ ಸಂಕ್ರಾಂತಿಯ ನಂತರ ಕೆಂಚಿಯನ್ನು ನೋಡಿ ಹುಬ್ಬು ಗಂಟಿಕ್ಕಿದ್ದರು. “ಆಪರೇಷನ್ ಆದ ಮ್ಯಾಲ ಇವುಗಳ ಮೈಗಿ ಬೇಕಾಗೂದು ಕಮ್ಮಿ ಆಗ್ತದ, ಹಸಿವಿ ಮಾತ್ರ ಜಾಸ್ತಿ ಆಗ್ತದ ನೋಡ್ರಿ. ಕೇಳ್ತದ ಅಂತ ಹಾಕ್ಕೋತ ಹೋಗಬ್ಯಾಡ್ರಿ. ಮೈ ಮ್ಯಾಲ ಕೈ ಆಡಿಸಿದ್ರ ಪಕ್ಕದ ಎಲುಬು ಬೆರಳಿಗಿ ಹತ್ತಬೇಕು. ಬ್ಯಾಸಿಗಿ ಬರೂದ್ರೊಳಗ ಇಳಸ್ರಿ. ಇಷ್ಟ ಕೊಬ್ಬು ಹೊತ್ಕೊಂಡು ನಮ್ಮ ಕಡಿ ಬಿಸಲು ತಡಿಯೂದು ಕಷ್ಟ. ಉಸಿರು ಹಿಡದ್ರ ಉಳಿಯಂಗಿಲ್ಲ.”

ಅಂದಿನಿಂದ ಕಸ್ತೂರಿ ಕೆಂಚಿಯ ರೊಟ್ಟಿ ಕಡಿಮೆ ಮಾಡಿದಳು. ಮುಂಜಾನೆ ಎದ್ದು ಕೆರೆಯ ಕಡೆಗೆ ನಡೆಸಿದಳು. ಹಗಲೆಲ್ಲ ಅದು ಮಷಿನ್ನಿನ ಕೆಳಗೆ, ಅವಳ ಕಾಲಿನ ಹತ್ತಿರವೇ. ಹಾಗಿದ್ದೂ ಬೇಸಿಗೆ ಬಂತು, ಕೆಂಚಿ ಇಳಿಯಲಿಲ್ಲ. ಅಂದ ಮೇಲೆ ಯಾರೋ ಹಾಕುತ್ತಿದ್ದಾರೆ. ಯಾರು?

ಅತ್ತೆ ಪಾರ್ವತಿಬಾಯಿಯ ಮೇಲೆ ಅವಳಿಗೆ ಸಂಶಯ ಬರಲಿಲ್ಲ. ಮೊದಮೊದಲು ಮುದುಕಿ ಮಾಡಿದ್ದು ಕಡಿಮೆಯೇನಲ್ಲ. ಆಪರೇಷನ್ ಆದ ಕೆಂಚಿಯನ್ನು ಒಳಗೆ ಮಲಗಿಸಿ, ತನ್ನ ಹಳೆಯ ಸೀರೆಯ ತುಂಡಿನಿಂದ ಅದರ ಕಿವಿ ಕಟ್ಟಿ, ಲೋಬಾನದ ಹೊಗೆ ಹಾಕಿ, ಬೆಚ್ಚಗಿನ ಹಾಲಿಗೆ ಬೆಲ್ಲ ಕಲಸಿ ಕುಡಿಸಿದ್ದಳು. ‘ಬಾಣಂತಿ ಕುನ್ನಿ’ ನೋಡಲು ಓಣಿಯ ಹೆಂಗಸರು ಬಂದು ಹೊಟ್ಟೆ ಹಿಡಿದು ನಕ್ಕಿದ್ದರು. ಡಾಕ್ಟರ್ ಹೇಳಿದ್ದನ್ನು ಕಸ್ತೂರಿ ತಿಳಿಸಿದಾಗ, “ಆತವ್ವ, ನಿನ್ನ ಕುನ್ನಿ, ನಿನ್ನ ಡಾಕ್ಟರ್. ನಾ ಆಕಿ ಗಂಗಾಳ ಮುಟ್ಟಂಗಿಲ್ಲ” ಎಂದು ಮುಖ ತಿರುಗಿಸಿದವಳು ಆಮೇಲೆ ಕೆಂಚಿ ಉಣ್ಣುವ ಆ ತಟ್ಟೆಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಉಳಿದವಳು ಮಮ್ತಾಜ. ಅವಳ ಮನೆ ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆ. ಕೆಂಚಿಯ ಮೂತಿ ತಾಗಿದರೆ ನಮಾಜಿಗೆ ಮತ್ತೆ ಕೈಕಾಲು ತೊಳೆದು ವಜೂ ಮಾಡಬೇಕಾಗುತ್ತದೆಂದು “ಹಟ್, ದೂರ!” ಎನ್ನುತ್ತಲೇ ಗೋಡೆಯ ಮೇಲಿಂದ ತುಂಡು ರೊಟ್ಟಿ ಎಸೆಯುವವಳು. ಈಗ ರಮಜಾನ್ ತಿಂಗಳು ಬೇರೆ. ಕಸ್ತೂರಿಯ ಮನೆಯಲ್ಲೂ ಆಗಾಗ ತುಪ್ಪದ ವಾಸನೆ ತೇಲುತ್ತಿತ್ತು. ಅದು ಮಮ್ತಾಜಳ ಅಡುಗೆಮನೆಯದೇ ಎಂದು ಕಸ್ತೂರಿ ಅಂದುಕೊಂಡಿದ್ದಳು. ಕೆಂಚಿಯನ್ನು ಕಟ್ಟಿಹಾಕಿ, ನೀರನ್ನೂ ಕುಡಿಯದೆ ನೆಟ್ಟಗೆ ಹಿತ್ತಿಲಿಗೆ ಹೋದಳು.

“ಮಮ್ತಾಜಕ್ಕ, ನಿನ್ನ ಕಾಲ ಬೀಳ್ತೀನಿ, ಕೆಂಚಿಗಿ ಎಲುಬು ಗಿಲುಬು ಹಾಕಬ್ಯಾಡ.”

ಗೋಡೆಯಾಚೆ ಬಟ್ಟೆ ಒಣಗಹಾಕುತ್ತಿದ್ದ ಮಮ್ತಾಜ ತಿರುಗಿದಳು. “ಯಾರ್ ಹಾಕ್ಯಾರ?”

“ನೀ ಅಲ್ದ ಮತ್ಯಾರು? ತೂಕ ಮತ್ತ ಜಾಸ್ತಿ ಆಗೇದ. ನಿನ್ನ ಸಲಿಗಿಲೆ ನನ್ನ ಕುನ್ನಿ ಸಾಯ್ತದ.”

“ಅರೆ ವ್ಹಾ!” ಮಮ್ತಾಜಳ ಕೈಯಲ್ಲಿನ ಬಟ್ಟೆ ಹಗ್ಗದ ಮೇಲೆ ಬೀಳದೆ ಅಲ್ಲೇ ನಿಂತಿತು. “ನೀ ಬ್ಯಾಡ ಅಂದ ದಿನದಿಂದ ಒಂದ್ ತುಕಡಾ ಒಗದಿಲ್ಲ ನಾ. ರೋಜಾ ಹಿಡದ ಬಾಯಿಲೆ ಸುಳ್ಳ ಹೇಳ್ತೀನೇನು? ಇಷ್ಟ ವರ್ಷ ಬಾಜೂ ಇದ್ದು ನನಗ ಈ ಮಾತಂದಿ ನೋಡು ಕಸ್ತೂರಿ.”

“ಅಲ್ಲಕ್ಕ, ಮತ್ತ...”

“ಮತ್ತೇನಿಲ್ಲ. ನಸಿಕಿನ್ಯಾಗ ಸಹರಿ ಊಟಕ್ಕ ಎದ್ದಾಗ ದಿನಾ ನೋಡ್ತೀನಿ, ನಿಮ್ಮ ಹಿತ್ತಲದಾಗ ಬುಡ್ಡಿ ದೀಪ ಹತ್ತಿರ್ತದ. ಮೊದಲ ನಿನ್ನ ಮನಿ ನೋಡ್ಕೋ ಹೋಗು.” ಬಟ್ಟೆಯನ್ನು ಬುಟ್ಟಿಗೇ ತುರುಕಿ ಒಳಗೆ ಹೋಗಿ ಕದ ಹಾಕಿಕೊಂಡಳು. ಅವಳ ಮನೆಯ ಹಿತ್ತಿಲ ಕದ ಹಗಲಿನಲ್ಲಿ ಹಾಕಿದ್ದನ್ನು ಕಸ್ತೂರಿ ನೋಡಿದ್ದು ಅದೇ ಮೊದಲು.

ಮರುದಿನ ಬೆಳಕು ಹರಿಯುವ ಹೊತ್ತಿಗೆ, ಮಸೀದಿಯ ಕೂಗು ಆಗಿ ಸ್ವಲ್ಪ ಹೊತ್ತಾಗಿತ್ತು, ಕಸ್ತೂರಿ ಚಪ್ಪಲಿ ಮೆಟ್ಟದೆ ಹಿತ್ತಿಲ ಬಾಗಿಲಿಗೆ ಬಂದಳು. ಬಚ್ಚಲ ಕಟ್ಟೆಯ ಮೇಲೆ ಬುಡ್ಡಿ ದೀಪ. ಪಾರ್ವತಿಬಾಯಿ ಕಾಲು ಚಾಚಿ ಕುಳಿತಿದ್ದಳು. ಕೆಂಚಿಯ ತಲೆ ಅವಳ ತೊಡೆಯ ಮೇಲೆ.

“ತಿನ್ನು ನನ್ನವ್ವ. ಮೆಲ್ಲಕ, ಗಂಟಲಿಗಿ ಹತ್ತೀತು. ಒಳಗ ಖಾಲಿ ಮಾಡ್ಯಾರ, ಅದು ತುಂಬಬೇಕು. ಈ ಹುಡುಗಿಗಿ ಏನ್ ತಿಳೀತದ? ಹೊಟ್ಟಿ ಕೊಯ್ಸಿಕೊಂಡಾಕಿಗಿ ಗೊತ್ತು ಹೊಟ್ಟಿ ಸುದ್ದಿ.”

ಅವಳ ಅಂಗೈಯಲ್ಲಿ ಅಂಟಿನುಂಡಿ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ಎಲ್ಲ ತುಪ್ಪದಲ್ಲಿ ಹುರಿದು ಬಾಣಂತಿಯರಿಗೆಂದು ಕಟ್ಟುವ ಉಂಡಿ. ಕಸ್ತೂರಿ ಹೊಲಿದ ಬಟ್ಟೆ ಕೊಡಲು ಸುರಪುರಕ್ಕೆ ಹೋದ ದಿನಗಳಲ್ಲಿ ಮುದುಕಿ ಇವನ್ನು ಹುರಿದು ಕಟ್ಟಿಟ್ಟಿದ್ದಳು; ಆ ತುಪ್ಪದ ವಾಸನೆ ಇದರದೇ.

“ಅತ್ತಿ! ಏನ್ ಮಾಡಾಕತ್ತೀರಿ?”

ಪಾರ್ವತಿಬಾಯಿ ಬೆಚ್ಚಿದಳು, ಆದರೆ ಕೈ ಹಿಂತೆಗೆಯಲಿಲ್ಲ. “ಕಾಣಂಗಿಲ್ಲೇನು? ಉಣ್ಣಸಾಕತ್ತೀನಿ.”

“ಮುಟ್ಟಂಗಿಲ್ಲ ಅಂದಿದ್ರಿ.”

“ಗಂಗಾಳ ಮುಟ್ಟಂಗಿಲ್ಲ ಅಂದಿದ್ದೆ. ಮುಟ್ಟಿಲ್ಲ. ಕೈಲೆ ಉಣ್ಣಸೀನಿ.”

“ನಗಸಬ್ಯಾಡ್ರಿ ನನ್ನ! ಡಾಕ್ಟರ್ ಏನಂದ್ರು ಹೇಳಿಲ್ಲೇನು ನಾ? ನಿಮ್ಮ ಕೈಲೆ ಕೊಲ್ಲಾಕತ್ತೀರಿ ಆಕೀನ. ನಾಳೆ ಆಕಿ ಸತ್ರ ಓಣಿ ಮಂದಿ ಕೊಯ್ಸಿದಾಕಿ ಕೊಂದ್ಲು ಅಂತಾರ. ನಿಮಗ್ಯಾರೂ ಅನ್ನಂಗಿಲ್ಲ, ನನಗಂತಾರ!”

ಕೆಂಚಿ ಮುದುಕಿಯ ಬೆರಳ ಸಂದಿಯ ಪುಡಿಯನ್ನು ನೆಕ್ಕುತ್ತಿತ್ತು.

“ನಂದೂ ಆಪ್ರೇಸನ್ ಆಗಿತ್ತು,” ಎಂದಳು ಪಾರ್ವತಿಬಾಯಿ. “ನಿನ್ನ ಗಂಡ ಇನ್ನಾ ಅಂಬೆಗಾಲು ಹಾಕ್ತಿದ್ದ. ಊರ ಸಾಲ್ಯಾಗ ಕ್ಯಾಂಪು. ನೆಲದ ಮ್ಯಾಲ ಸಾಲಹಿಡದು ಮಲಗಿಸಿದ್ರು ನಮ್ಮನ್ನ. ಮನಿಗಿ ಬಂದು ನಮ್ಮತ್ತಿಗಿ ಒಂದೆರಡು ಉಂಡಿ ಕಟ್ಟಿ ಕೊಡ್ರಿ, ನಡಾ ಸೆಳೀತದ ಅಂದೆ. ಆಕಿ ಏನಂದ್ಲು ಗೊತ್ತದನು? ಹಡದಾಕಿಗಿ ಉಂಡಿ ಕೊಡ್ತಾರ, ಹಡಿಯೂದು ನಿಲ್ಲಿಸಿಕೊಂಡಾಕಿಗಿ ಎಂಥ ಉಂಡಿ ಅಂದ್ಲು. ಹೊಲಿಗಿ ಬಿಚ್ಚೂ ಮೊದಲ ಮೆಣಸಿನಕಾಯಿ ಹರಿಲಾಕ ಕಳಿಸಿದ್ಲು. ಅವತ್ತು ಹಿಡದ ನಡಾ ಇದು.” ಸೊಂಟಕ್ಕೆ ಕೈ ಒತ್ತಿಕೊಂಡಳು. “ನಂಜೋಡಿ ಮಾಡಿಸಿಕೊಂಡಾಕಿ ಗೊಲ್ಲಾಳಮ್ಮ ತವರಿಗಿ ಹೋದ್ಲು, ಮೈ ಕೈ ತುಂಬಿಕೊಂಡು ಬಂದ್ಲು, ಇವತ್ತಿಗೂ ಬಿಂದಿಗಿ ಹೊರ್ತಾಳ. ನಾ ಸೊರಗಿದೆ. ಈ ಕುನ್ನಿಗಿ ಮೈ ಬರೂದು ನೋಡಿ, ಶಿವನ, ಇದರ ಗಾಯ ಆರ್ತು ಅನಕೊಂಡೆ. ನೀ ಬಂದು ಅರ್ಧ ರೊಟ್ಟಿ ಅಂದಿ. ನಿನ್ನ ಬಾಯಾಗ ನಮ್ಮತ್ತಿ ಮಾತ ಕೇಳಿಸ್ತು ನನಗ.”

ಕಸ್ತೂರಿಯ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಈ ಮನೆಗೆ ಬಂದಾಗಿನಿಂದ ಅತ್ತೆಯ ಸೊಂಟಕ್ಕೆ ಎಣ್ಣೆ ತಿಕ್ಕಿದ್ದಾಳೆ. ಯಾಕೆ ನೋಯುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಮುದುಕಿಯ ಜಿಡ್ಡುಗೈಯನ್ನು ಹಿಡಿದು ಕೆಂಚಿಯ ಪಕ್ಕೆಯ ಮೇಲೆ ಇಟ್ಟಳು.

“ಎಲುಬು ಹತ್ತತಾವೇನ್ರಿ?”

ಪಾರ್ವತಿಬಾಯಿ ಸವರಿದಳು. ಒತ್ತಿದಳು. ಮತ್ತೆ ಸವರಿದಳು. “ಇಲ್ಲ. ಹಾಸಿಗಿ ಆಗೇದ.”

“ಹಂಗ ಇಡ್ರಿ ಕೈ. ಉಸಿರು ನೋಡ್ರಿ. ಮುಂಜಾನಿ ತಂಪಿನ್ಯಾಗ, ಮಲಕೊಂಡಲ್ಲೇ ಹಿಂಗ ತೇಕ್ತಾಳ. ಮಧ್ಯಾನ ಬಿಸಲಿಗಿ ಏನ್ ಮಾಡ್ಯಾಳು? ನಿಮಗ ಉಣ್ಣಲಾರದಕ್ಕ ತ್ರಾಸ ಆತು, ಖರೇ. ಆಕಿ ಮೈ ಬ್ಯಾರೆ ಅದರಿ ಅತ್ತಿ. ಆಕಿಗಿ ಉಂಡಿದ್ದ ತ್ರಾಸ ಆಗೇದ.”

ಮುದುಕಿಯ ಕೈ ಅಲ್ಲೇ ಇತ್ತು, ಮೇಲೆ ಕೆಳಗೆ, ಮೇಲೆ ಕೆಳಗೆ. ಅವಳ ಮುಖದಲ್ಲಿ ಏನೋ ಮೆಲ್ಲಗೆ ಕುಸಿಯಿತು.

“ಅಂದ್ರ ನಾ ಇದಕ್ಕ ಕೇಡ ಮಾಡಿದೆ ಅಂತಿ.”

ಇಲ್ಲ ಎನ್ನಬೇಕೆಂದುಕೊಂಡಳು ಕಸ್ತೂರಿ. “ಉಳದ ಉಂಡಿ ನೀವು ತಿನ್ರಿ,” ಎಂದಳು ಬದಲಿಗೆ.

“ಈಗೇನ್ ತಿನ್ಲಿ? ಹಲ್ಲ ಎಲ್ಲವ ನನಗ?” ಮುದುಕಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. “ಮತ್ತ ಆಕಿ ಕೇಳಿದ್ರ ಏನ್ ಕೊಡ್ಲಿ? ಬರೀಗೈಲೆ ಹೆಂಗ ಕುಂದರ್ಲಿ?”

“ಸವತಿಕಾಯಿ ಕೊಡ್ರಿ ಅಂದಾರ ಡಾಕ್ಟರು.”

“ಸವತಿಕಾಯಿ! ಕುನ್ನೀನ ಮಠದ ಸ್ವಾಮಿ ಮಾಡ್ತಾಳ ಆ ಡಾಕ್ಟರು.”

ಇಬ್ಬರಿಗೂ ನಗು ಬಂದಂತಾಗಿ ಬರಲಿಲ್ಲ. ಗೋಡೆಯಾಚೆ ಪಾತ್ರೆ ತಿಕ್ಕುವ ಸಪ್ಪಳ. ಕಸ್ತೂರಿ ತಲೆ ತಗ್ಗಿಸಿದಳು. “ನಿನ್ನಿ ಮಮ್ತಾಜಕ್ಕಗ ಅಂದುಬಿಟ್ಟೀನ್ರಿ. ನೀನ ಎಲುಬು ಹಾಕ್ತಿ ಅಂತ.”

“ರೋಜಾ ಹಿಡದಾಕಿಗಿ?” ಪಾರ್ವತಿಬಾಯಿ ಗೋಡೆ ಹಿಡಿದು ಎದ್ದಳು. “ಏಳು. ನಾನ ಬಂದು ಹೇಳ್ತೀನಿ, ಹಾಕಿದಾಕಿ ನಾನು ಅಂತ.”

“ಇಲ್ಲೇ ಗ್ವಾಡಿ ಮ್ಯಾಲಿಂದ ಹೇಳ್ರಿ. ನಡಾ ನೋಯ್ತದ.”

“ಗ್ವಾಡಿ ಮ್ಯಾಲಿಂದ ಹೇಳೂ ಮಾತಲ್ಲದು. ಮುಂದಿನ ಬಾಗಿಲಿಗಿ ಹೋಗೂಣು. ಕೆಂಚೀನ್ನೂ ಬಿಚ್ಚು. ನಡದಷ್ಟ ನಡೀಲಿ.”

ಮುಂದಿನ ಬಾಗಿಲಿಗೆಂದರೆ ಓಣಿ ಸುತ್ತಬೇಕು. ಮುದುಕಿ ಅಷ್ಟು ದೂರ ನಡೆದು ವರ್ಷಗಳೇ ಆಗಿದ್ದವು. ಮೂವರೂ ಹೊರಟರು. ಹಂಪಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಕೊಡ ಹಿಡಿದಂತೆಯೇ ನೋಡಿದಳು. ಬೇವಿನ ಗಿಡದ ಹತ್ತಿರ ಕೆಂಚಿ ಎಂದಿನಂತೆ ಕುಳಿತುಬಿಟ್ಟಿತು. ಪಾರ್ವತಿಬಾಯಿ ಒಂದು ಗಳಿಗೆ ನಿಂತು ನೋಡಿ, ಸೊಂಟ ಹಿಡಿದುಕೊಂಡು ತಾನೂ ಅದರ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಇಬ್ಬರ ತೇಕೂ ಕಸ್ತೂರಿಗೆ ಒಟ್ಟಿಗೇ ಕೇಳುತ್ತಿತ್ತು. ಗುಡ್ಡದ ಹಿಂದಿನಿಂದ ಬಿಸಿಲು ಬಂದು ಅವರ ಕಾಲಿಗೆ ತಾಗಿತು. ಕೆಂಚಿ ಮೂತಿ ಚಾಚಿ ಮುದುಕಿಯ ಅಂಗೈ ಮೂಸಿತು. ಅವಳು ಬೆರಳು ಬಿಡಿಸಿ ಬರಿಗೈ ತೋರಿಸಿದಳು. ಅದು ಒಮ್ಮೆ ನೆಕ್ಕಿತು, ಕಾದು ನೋಡಿತು, ಆಮೇಲೆ ಮುಂಗಾಲು ಊರಿ ಮೆಲ್ಲಗೆ, ಅವಳಿಗಿಂತ ಮೊದಲು, ಎದ್ದು ನಿಂತಿತು.