ಮದಗ ತುಂಬಿಸುವ ಖರ್ಚು

ಜೆಪ್ಪುವಿನ ರತ್ನಾವತಿಯಕ್ಕನ ಮನೆಯಲ್ಲಿ ಚಹಾದ ಹಾಲು ಒಡೆಯಲು ಶುರುವಾದದ್ದು ಎಂಬತ್ಮೂರರ ಎಪ್ರಿಲಿನಲ್ಲಿ. ಮೊದಲು ಹಾಲಿನವನಿಗೆ ಬೈದರು. ಮತ್ತೆ ಪಾತ್ರೆ ಬದಲಿಸಿದರು. ಕೊನೆಗೆ ಬಾವಿಯ ನೀರನ್ನೇ ಬಾಯಿಗೆ ಹಾಕಿ ನೋಡಿ, ಜಗಲಿಯಲ್ಲಿ ಕುಳಿತುಬಿಟ್ಟರು.

"ಉಪ್ಪು, ಮಗಾ."

ಮಗ ಗುಣಪಾಲ ಪಂಪಿಗೆ ಎಣ್ಣೆ ಹಾಕುತ್ತಿದ್ದ. ಮನೆಯ ಹಿಂದೆ ಜೌಗು ನೆಲ, ಅದರ ನಡುವೆ ಮಳೆನೀರು ನಿಲ್ಲುವ ಹಳೆಯ ಮದಗ, ಆಚೆಗೆ, ಬೇಸಿಗೆಯಲ್ಲಿ ಕಡಲ ಉಪ್ಪುನೀರು ಏರಿ ಬರುವ ನೇತ್ರಾವತಿ ಹೊಳೆಯನ್ನು ಸೇರುವ ತೋಡು. ಎರಡು ಬೇಸಿಗೆಯಿಂದ ಅವನು ಮದಗದ ನೀರು ಎಳೆದು ಲಾರಿಯಲ್ಲಿ ಪೇಟೆಯ ಹೋಟೆಲುಗಳಿಗೆ ಕೊಡುತ್ತಿದ್ದ. ಈಗ ಮದಗದ ತಳ ಕಾಣಿಸುತ್ತಿತ್ತು.

"ಅದಕ್ಕೆಂತ ಅಮ್ಮ? ಹಳೆ ನೀರು. ಬಾವಿ ಪೂರ್ತಿ ಖಾಲಿ ಮಾಡಿ ತೊಳೆದರೆ ಹೊಸ ಒರತೆ ಬರ್ತದೆ. ಪ್ರತಿ ವರ್ಷ ಮಾಡುವುದಲ್ವಾ?"

ಪಕ್ಕದ ಮನೆಯ ವಿನಿಫ್ರೆಡ್ ಟೀಚರ್ ಕೊಡ ಹಿಡಿದು ಬಂದಿದ್ದರು. ಅವರ ಬಾವಿಯೂ ಉಪ್ಪಾಗಿತ್ತು.

"ಬೇಡ ಗುಣಪಾಲ. ಇಲ್ಲಿ ಸಿಹಿ ನೀರು ತುಂಬಿದ್ದರೆ ಮಾತ್ರ ಹೊಳೆಯ ಉಪ್ಪು ಆಚೆ ನಿಲ್ತದೆ. ಮದಗ ಖಾಲಿ ಆಯ್ತು, ಉಪ್ಪು ನೆಲದ ಅಡಿಯಿಂದ ಒಳಗೆ ಬಂತು. ಬಾವಿಯನ್ನೂ ಖಾಲಿ ಮಾಡಿದರೆ ಇನ್ನೂ ಬರ್ತದೆ."

"ಇದು ನಿಮ್ಮ ಶಾಲೆ ಅಲ್ಲ ಮಾರಾಯ್ರೆ. ನೆಲದ ಅಡಿಗೆ ಹೋಗಿ ನೋಡಿದವರು ಯಾರುಂಟು?"

"ನೋಡುವುದು ಬೇಡ. ನಾಳೆ ಕುಡಿದರೆ ಸಾಕು."

ಅವನು ಪಂಪು ಇಟ್ಟು ಬಾವಿ ಬರಿದು ಮಾಡಿಸಿದ. ಮರುದಿನ ನೀರು ಬಂದಿತ್ತು. ರತ್ನಾವತಿಯಕ್ಕ ಅದರಲ್ಲೇ ಗಂಜಿ ಬೇಯಿಸಿ ಮಗನ ಮುಂದಿಟ್ಟರು.

"ಉಪ್ಪಿನಕಾಯಿ ಎಲ್ಲಿ?"

"ಎಂತಕ್ಕೆ? ಗಂಜಿಯಲ್ಲೇ ಉಂಟಲ್ಲ."

ಅವನು ಒಂದು ಬಾಯಿ ನುಂಗಿ ಬಟ್ಟಲು ಸರಿಸಿದ.

ಆಮೇಲೆ ಸುತ್ತಿನ ಮನೆಗಳಿಗೆಲ್ಲ ಬೀದಿಯ ನಲ್ಲಿಯೇ ಗತಿ. ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾಲಿನಲ್ಲಿ ನಿಂತ ಹೆಂಗಸರು ಯಾರೂ ಗುಣಪಾಲನೊಡನೆ ಜಗಳವಾಡಲಿಲ್ಲ. ಜಗಳಕ್ಕೂ ತ್ರಾಣ ಬೇಕು. ಒಂದು ಸಂಜೆ ರತ್ನಾವತಿಯಕ್ಕ ದಾರಿಯಲ್ಲೇ, ಎದುರು ಬಂದ ಮಗನ ಮುಂದೆ ಕೊಡ ಇಳಿಸಿದರು.

"ಇನ್ನು ನನ್ನಿಂದ ಆಗುವುದಿಲ್ಲ. ಕಾವೂರಿನ ತಂಗಿಯ ಮನೆಗೆ ಹೋಗ್ತೇನೆ."

ಮದುವೆಯಾಗಿ ಬಂದ ಮೇಲೆ ಈ ಮನೆ ಬಿಡುವ ಮಾತನ್ನು ಅವರು ಆಡಿದ್ದು ಇದೇ ಮೊದಲು. ಗುಣಪಾಲ ಕೊಡ ಎತ್ತಿಕೊಂಡು, ಅಮ್ಮನನ್ನೂ ಕರೆದುಕೊಂಡು ಟೀಚರ ಅಂಗಳಕ್ಕೆ ಹೋದ.

"ಪಂಪು ನಿಲ್ಲಿಸ್ತೇನೆ. ಸರಿ ಆಗ್ತದಾ?"

"ನಿಲ್ಲಿಸಿದರೆ ಹಾಳಾಗುವುದು ನಿಲ್ತದೆ. ಸರಿ ಮಾಡುವುದು ಬೇರೆ ಕೆಲಸ. ಮದಗದ ಹೂಳು ತೆಗೆಯಬೇಕು, ಮಳೆ ನೀರು ಅಲ್ಲಿ ನಿಲ್ಲಬೇಕು. ಉಪ್ಪುನೀರು ಮೇಲೆ ಬಾರದ ಹಾಗೆ ತೋಡಿಗೆ ಕಟ್ಟ ಹಾಕಬೇಕು. ಒಂದು ಮಳೆಗಾಲ ಸಾಲದೆಯೂ ಹೋಗಬಹುದು."

"ನಿನ್ನ ಅಪ್ಪ ಇರುವಾಗ ಮಳೆ ಹೋದ ಕೂಡಲೇ ಎಲ್ಲರೂ ಸೇರಿ ಮಣ್ಣು, ಹುಲ್ಲು ತುಂಬಿ ಕಟ್ಟ ಹಾಕುತ್ತಿದ್ದರು," ಎಂದರು ರತ್ನಾವತಿಯಕ್ಕ. "ಬೇಸಾಯ ಬಿಟ್ಟೆವು, ಕಟ್ಟವನ್ನೂ ಬಿಟ್ಟೆವು."

"ಈ ಖರ್ಚೆಲ್ಲ ನಾನೊಬ್ಬನೇ ಹಾಕುವುದಾ? ನೀರು ತೆಗೆದುಕೊಂಡದ್ದು ಹೋಟೆಲಿನವರಲ್ವಾ?"

"ಅವರ ಹತ್ತಿರವೂ ಕೇಳುವ, ನಾನು ಬರ್ತೇನೆ. ಆದರೆ ನೀರು ಎಳೆದ ಪಂಪು ನಿಮ್ಮದು, ಗುಣಪಾಲ. ನಮ್ಮ ಪಾಲಿನ ಖರ್ಚು ನಾವು ಆಗಲೇ ಹಾಕ್ತಾ ಇದ್ದೇವೆ, ಸೊಂಟದಲ್ಲಿ."

ಪಂಪು ಮಾರಿದ ಹಣ ಹೂಳು ತೆಗೆಯುವುದಕ್ಕೆ ಹೋಯಿತು. ಒಂದು ಹೋಟೆಲಿನವರು ಆಳುಗಳ ಕೂಲಿ ಕೊಟ್ಟರು, ಇನ್ನೊಬ್ಬರು ನಕ್ಕು ಕಳಿಸಿದರು. ಮಳೆ ಬಂತು, ಹೋಯಿತು. ದೀಪಾವಳಿ ಕಳೆದು ಕಟ್ಟ ಹಾಕಿದರು. ಮುಂದಿನ ಎಪ್ರಿಲಿನಲ್ಲಿ ಹಾಲು ಮತ್ತೆ ಒಡೆಯಿತು. ಗುಣಪಾಲ ಕೊಡ ಹಿಡಿದು ನಲ್ಲಿಗೆ ಹೋದ. ಆ ವರ್ಷವೂ ಕಟ್ಟ ಹಾಕಿದರು.

ಅದರ ಮರುವರ್ಷ ಹಾಲು ಒಡೆಯಲಿಲ್ಲ. ರತ್ನಾವತಿಯಕ್ಕ ಮೊದಲ ಲೋಟ ಚಹಾ ಟೀಚರಿಗೆ ಕಳಿಸಿದರು. ಟೀಚರ್ ಕುಡಿದು, "ಸಕ್ಕರೆ ಕಡಿಮೆ ಆಯ್ತು" ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಂದೆಯೂ ಒಂದು ಮದಗವೋ ತೋಡೋ ಇರಬಹುದು. ಅದರ ತಳ ಕಾಣುವವರೆಗೆ ನೀರು ಎಳೆಯಬೇಡಿ. ಮಳೆ ಹೋದ ಕೂಡಲೇ ಸೇರಿ ಕಟ್ಟ ಹಾಕಿ. ನೀರು ಮಾರಿದವರೂ ಕೊಂಡವರೂ ಅದನ್ನು ಸರಿ ಮಾಡುವ ಖರ್ಚಿಗೆ ಕೈ ಸೇರಿಸಲಿ ಎಂದು ಕೇಳಿ. ಒಬ್ಬರೇ ಹೋಗಿ ಕೇಳಲು ನಾಚಿಕೆಯಾದರೆ, ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ.