ಅಡ್ಮಾನಿಷ್ ಅಂದರೆ

ಕರಿಹಲಗೆಯ ಮೇಲೆ ಬಿಸಿಲು ಬಿದ್ದಿದೆ, ಬರೆದದ್ದು ಕಾಣುತ್ತಿಲ್ಲ, ಅಳಿಸಿ ಬರೆಯಬೇಕು, ಆದರೆ ನೀಲಗಂಗಮ್ಮನ ಬಾಯಲ್ಲಿ ಆ ಇಂಗ್ಲಿಷ್ ಪದವೇ ಬಿಸಿ ಮುದ್ದೆಯ ಹಾಗೆ ಹೊರಳುತ್ತಿದೆ, ಅಡ್ಮಾನಿಷ್, ಅಡ್ಮಾನಿಷ್ — ಮೊನ್ನೆ ಹಾಸನದಿಂದ ಬಂದ ಇನ್‌ಸ್ಪೆಕ್ಟರು ಮಹಾರಾಜರ ಪಟದ ಕೆಳಗೆ ಕೂತು ಮಗ್ಗಿ ಕೇಳುವಾಗಲೇ ಆ ಕೂಸು ಕಿರುಚಿಕೊಳ್ಳಬೇಕೆ, ತನ್ನ ತರಗತಿಯ ಬೆಟ್ಟಮ್ಮನ ತಮ್ಮ, ಮೂಲೆಯಲ್ಲಿ ತಾನೇ ಕಟ್ಟಿಕೊಟ್ಟ ಸೀರೆಯ ಜೋಲಿಯಲ್ಲಿ ಮಲಗಿದ್ದದ್ದು. ಅವರವ್ವ ಗದ್ದೆ ಕೆಲಸಕ್ಕೆ ಹೋದರೆ ಕೂಸು ಆಡಿಸುವವರು ಬೇರೆ ಯಾರು, ಹುಡುಗಿ ಅದನ್ನು ಎತ್ತಿಕೊಂಡೇ ಬರಬೇಕು, ಇಲ್ಲ ಶಾಲೆ ಬಿಡಬೇಕು. ಇದು ಸ್ಕೂಲೋ ಬಾಣಂತಿ ಕೋಣೆಯೋ ಎಂದು ಇನ್‌ಸ್ಪೆಕ್ಟರು ತಪಾಸಣೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಗೀಚಿ ಹೋದರು. ನಿಮ್ಮನ್ನ ಅಡ್ಮಾನಿಷ್ ಮಾಡಿದಾರೆ ಕಣಮ್ಮ, ಹೆಡ್‌ಮೇಷ್ಟ್ರು ಗಂಗಾಧರಯ್ಯ ಕನ್ನಡಕ ಒರೆಸಿಕೊಂಡರು, ಇನ್ಮೇಲೆ ಕೂಸು ಬೇಡ, ಇನ್ನೊಂದ್ಸಲ ಆದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ. ಕೆಲಸ ಹೋದರೆ ಗಂಡ ಸತ್ತವಳು ಅಣ್ಣನ ಮನೆಯ ಒಲೆ ಮುಂದೆ — ಬೇಡ, ಅದು ಈಗ ಬೇಡ.

ನಿನ್ನೆ ಸಂಜೆ ವಕೀಲ ಚಂದ್ರಶೇಖರಯ್ಯನವರ ಜಗಲಿ, ದಪ್ಪ ನಿಘಂಟು, ಹೆದರ್ಕೋಬೇಡಿ ತಾಯಿ, ಇದು ಮೆತ್ತನೆ ಬೈಗುಳ, ತಪ್ಪು ಮಾಡ್ದೋರಿಗೆ ನಯವಾಗಿ ಬುದ್ಧಿ ಹೇಳೋದು, ಇದರ ಬೇರು ಲ್ಯಾಟಿನ್ನಿನ ಮೊನೇರೆ, ಅಂದ್ರೆ ಎಚ್ಚರಿಸೋದು, ನೆನಪು ಮಾಡ್ಕೊಡೋದು. ನೆನಪು — ಏನನ್ನು? ತೂಗೇ ನೀಲಾ, ತಮ್ಮ ಅಳ್ತಾವ್ನೆ, ಅವ್ವ ಒಳಗಿನಿಂದ ಕೂಗುತ್ತಾಳೆ, ಎಂಟು ವರ್ಷದ ನೀಲಾ, ಒಂದು ಕೈಯಲ್ಲಿ ಸ್ಲೇಟು, ಒಂದರಲ್ಲಿ ತೊಟ್ಟಿಲ ಹಗ್ಗ, ಆಮೇಲೆ ಸ್ಲೇಟು ಇಲ್ಲ, ಹಗ್ಗ ಮಾತ್ರ, ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ, ಮತ್ತೆ ಪುಸ್ತಕ ಮುಟ್ಟಿದ್ದು ತಾಳಿ ತೆಗೆದ ಮೇಲೆ — ಅಮ್ಮೋರೆ. ಬಾಗಿಲಲ್ಲಿ ಬೆಟ್ಟಮ್ಮ, ಸೊಂಟದ ಮೇಲೆ ಕೂಸು. ಎಡ್ಮೇಷ್ಟ್ರು ಬ್ಯಾಡ ಅಂದವ್ರೆ, ನನ್ ಸಲೇಟ್ ಕೊಟ್ಬುಡಿ, ಓಯ್ತೀನಿ. ಕೊಡಬೇಕು, ಹುಷಾರಾಗಿರುವವಳು ಕೊಟ್ಟು ಕಳಿಸುತ್ತಾಳೆ, ಆದರೆ ಕೈ ಚಾಚಿ ಎತ್ತಿಕೊಂಡದ್ದು ಕೂಸನ್ನು, ಹೋಗೇ, ಕೂತ್ಕೊಂಡು ಬರಿ, ಇವನು ನನ್ನ ಹತ್ರ ಇರಲಿ. ಮೊಗಸಾಲೆಯಲ್ಲಿ ಮೆಟ್ಟಿನ ಸದ್ದು, ಗಂಗಾಧರಯ್ಯನವರೇ, ಬಂದರು, ನಿಂತರು, ಕೂಸನ್ನು ನೋಡಿದರು, ಅವಳನ್ನು ನೋಡಿದರು, ಅವಳು ಸೆರಗು ಹೊದ್ದು ಹಾಗೇ ನಿಂತಳು, ಅವರು ಬೀದಿಗೆ ಅಳು ಕೇಳದ ಹಾಗೆ ಬಾಗಿಲೆಳೆದುಕೊಂಡು ಹೋದರು. ಬರೆಯಬೇಕು, ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಸೀಮೆಸುಣ್ಣ, ಅಕ್ಷರ ಸೊಟ್ಟಗಾಗುತ್ತಿದೆ, ಸೆರಗು ಹಿಡಿದ ಪುಟ್ಟ ಮುಷ್ಟಿ, ಬಿಡಿಸಿದರೆ ಮತ್ತೆ ಹಿಡಿಯುತ್ತದೆ, ಎಂಜಲು ಮೆತ್ತಿದ ಮುಷ್ಟಿ, ಬಿಗಿಯಾದ ಮುಷ್ಟಿ, ಅಡ್ಮಾನಿಷ್ ಅಂದರೆ ನೆನಪು ಮಾಡ್ಕೊಡೋದು, ಆ ಮುಷ್ಟಿ —